ಹೊಸ ಪ್ಯಾಕೇಜ್ ಸೇರಿಸುವ ಮುನ್ನ ಏನೇನು ನೋಡಬೇಕು? ಆಡಿಟ್ ಸೊನ್ನೆ ತೋರಿಸಿದರೆ ಸಾಕೇ?

ಹೊಸ್ತಿಲು ಕೇಳಿದ್ದು:

ನಮ್ಮ ತಂಡದಲ್ಲಿ ನೋಡ್ ಜೆಎಸ್ ಮೇಲೆ ನಡೆಯುವ ಒಂದು ಸರ್ವಿಸ್ ಇದೆ, ಜೊತೆಗೆ ಕೆಲವು ಪೈಥಾನ್ ಜಾಬ್‌ಗಳಿವೆ. ನಾವೇ ಹೆಸರಿಸಿ ಸೇರಿಸಿಕೊಂಡ ಪ್ಯಾಕೇಜ್‌ಗಳು ನಲವತ್ತರ ಆಸುಪಾಸು. ಅವುಗಳ ಬೆನ್ನಿಗೆ ಬಂದವನ್ನೂ ಸೇರಿಸಿದರೆ ಸಾವಿರ ದಾಟುತ್ತದೆ. ಈಗಿರುವ ಕಾವಲು ಇಷ್ಟೇ: ಪ್ರತಿ ಬಿಲ್ಡ್‌ನಲ್ಲಿ ಎನ್‌ಪಿಎಂ (ನೋಡ್‌ನ ಪ್ಯಾಕೇಜ್ ಮ್ಯಾನೇಜರ್) ಆಡಿಟ್ ಓಡುತ್ತದೆ, ಹೈ ಅಥವಾ ಕ್ರಿಟಿಕಲ್ ಬಂದರೆ ಬಿಲ್ಡ್ ನಿಲ್ಲುತ್ತದೆ. ಅಪ್‌ಡೇಟ್ ಬಾಟ್ ಪುಲ್ ರಿಕ್ವೆಸ್ಟ್ ತೆರೆಯುತ್ತದೆ, ಟೆಸ್ಟ್ ಪಾಸಾದರೆ ತಾನಾಗಿ ಮರ್ಜ್ ಆಗುತ್ತದೆ.

ಇದು ಸಾಲದು ಅನ್ನುವುದು ಗೊತ್ತು, ಆದರೆ ಮುಂದಿನ ಹೆಜ್ಜೆ ಯಾವುದು ಅನ್ನುವುದು ಸ್ಪಷ್ಟವಿಲ್ಲ. ಹೊಸ ಪ್ಯಾಕೇಜ್ ಬೇಕು ಎಂದು ಯಾರಾದರೂ ಕೇಳಿದಾಗ ರಿವ್ಯೂ ಮಾಡುವವರು ನಿಜವಾಗಿ ಏನನ್ನು ತೆರೆದು ನೋಡಬೇಕು, ಯಾವ ಕ್ರಮದಲ್ಲಿ? ಗಿಟ್‌ಹಬ್ ಸ್ಟಾರ್ ಎಷ್ಟು, ವಾರಕ್ಕೆ ಎಷ್ಟು ಡೌನ್‌ಲೋಡ್ ಎನ್ನುವುದನ್ನು ಬಿಟ್ಟು ಹೇಳಿ. ಅಪ್‌ಡೇಟ್‌ಗಳನ್ನು ಏನು ಮಾಡುವುದು ಅನ್ನುವುದೂ ಬೇಕು.

ಕದತಟ್ಟು ಉತ್ತರ:

ಆಡಿಟ್ ಮಾಡುವ ಕೆಲಸ ಒಂದು, ನೀವು ಕೇಳುತ್ತಿರುವುದು ಇನ್ನೊಂದು. ಯಾರೋ ಈಗಾಗಲೇ ಕಂಡುಹಿಡಿದು, ನಂಬರ್ ಕೊಟ್ಟು, ಪಟ್ಟಿಗೆ ಸೇರಿಸಿದ ದೋಷಗಳನ್ನಷ್ಟೇ ಆಡಿಟ್ ತೋರಿಸುತ್ತದೆ. ಬೇಕೆಂದೇ ತುರುಕಿದ ಕೋಡ್‌ಗೆ ಅದು ಬಯಲಾಗುವ ತನಕ ಯಾವ ನಂಬರೂ ಇರುವುದಿಲ್ಲ. ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಯುಟಿಲ್ಸ್‌ನ 5.6.0 ಆವೃತ್ತಿ ಬಂದದ್ದು 2024ರ ಫೆಬ್ರವರಿ ಕೊನೆಗೆ. ಅದರಲ್ಲಿ ಹಿಂಬಾಗಿಲಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಪ್ರಕಟಿಸಿದ್ದು ಮಾರ್ಚ್ 29ಕ್ಕೆ. ಸಿವಿಇ-2024-3094 ಎಂಬ ನಂಬರ್ ಹುಟ್ಟಿದ್ದೇ ಆಮೇಲೆ. ಅದಕ್ಕೂ ಮುಂಚಿನ ಒಂದು ತಿಂಗಳು ಯಾವ ಆಡಿಟ್ ಓಡಿಸಿದ್ದರೂ ಸೊನ್ನೆಯೇ.

ಆ ಘಟನೆಯಲ್ಲಿ ರಿವ್ಯೂ ಮಾಡುವವರು ಗಮನಿಸಬೇಕಾದ ವಿಷಯ ಬೇರೆಯೇ ಇದೆ. ಗಿಟ್ ರೆಪೊಸಿಟರಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದ್ದರೂ ದಾಳಿ ಶುರುವಾಗುವ ಜಾಗ ಕಾಣುತ್ತಿರಲಿಲ್ಲ. ಬಿಲ್ಡ್ ಹೊತ್ತಿನಲ್ಲಿ ಅದನ್ನು ಎಬ್ಬಿಸುವ ಎಂ4 ಫೈಲ್ ಇದ್ದದ್ದು ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಹಂಚಲೆಂದು ಕಟ್ಟಿದ ಫೈಲ್‌ಗಳ ಗಂಟಿನಲ್ಲಿ) ಮಾತ್ರ. ರೆಪೊದಲ್ಲಿ ಇದ್ದದ್ದು ಟೆಸ್ಟ್‌ಗೆಂದು ಇಟ್ಟಂತೆ ಕಾಣುವ ಎರಡು ಬೈನರಿ ಫೈಲ್‌ಗಳು. ಅವನ್ನು ಯಾರೂ ತೆರೆದು ನೋಡುವುದಿಲ್ಲ. ಇವೆಂಟ್-ಸ್ಟ್ರೀಮ್ ಎಂಬ ಎನ್‌ಪಿಎಂ ಪ್ಯಾಕೇಜ್‌ನ 2018ರ ಪ್ರಕರಣವೂ ಹೀಗೆಯೇ. 3.3.6 ಆವೃತ್ತಿ ಎಳೆದುಕೊಂಡ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಪ್ಯಾಕೇಜ್‌ನ ಮಿನಿಫೈ ಮಾಡಿದ (ಒತ್ತಿ ಕುಗ್ಗಿಸಿದ) ಫೈಲ್‌ನಲ್ಲಿ ಇದ್ದ ಕೋಡ್ ಅದರ ರೆಪೊದಲ್ಲಿ ಇರಲಿಲ್ಲ.

ಹಾಗಾಗಿ ಮೊದಲ ನಿಯಮ: ಇನ್‌ಸ್ಟಾಲ್ ಆಗುವ ಫೈಲ್ ಯಾವುದೋ ಅದನ್ನೇ ಓದಿ. ಗಿಟ್‌ಹಬ್ ಪುಟ ಓದಿ "ನೋಡಿದ್ದೇನೆ, ಓಕೆ" ಎಂದು ಬರೆದರೆ ಅದು ರಿವ್ಯೂ ಅಲ್ಲ.

ನೋಡ್ ಪ್ಯಾಕೇಜ್‌ಗೆ ಕ್ರಮ ಹೀಗಿರಲಿ. ಯಾವ ಸೀಕ್ರೆಟ್ಟೂ ಇಲ್ಲದ ಕಂಟೇನರ್‌ನಲ್ಲಿ ಖಾಲಿ ಫೋಲ್ಡರ್ ಮಾಡಿ, "ಎನ್‌ಪಿಎಂ ಪ್ಯಾಕ್" ಕಮಾಂಡ್‌ಗೆ ಹೆಸರು ಮತ್ತು ಪೂರ್ತಿ ಆವೃತ್ತಿ ಕೊಟ್ಟು ಟಾರ್‌ಬಾಲ್ ಇಳಿಸಿ, ಬಿಚ್ಚಿ. ಇನ್‌ಸ್ಟಾಲ್ ಮಾಡಬೇಡಿ. ಮೊದಲು ತೆರೆಯಬೇಕಾದದ್ದು ಟಾರ್‌ಬಾಲ್‌ನೊಳಗಿನ ಪ್ಯಾಕೇಜ್ ಡಾಟ್ ಜೇಸನ್. ರಿಜಿಸ್ಟ್ರಿ ಪುಟದಲ್ಲಿ ಕಾಣುವ ವಿವರ ಮತ್ತು ಟಾರ್‌ಬಾಲ್ ಒಳಗಿನ ವಿವರ ಒಂದೇ ಆಗಿರಬೇಕೆಂಬ ಖಾತ್ರಿ ಇಲ್ಲ. 2023ರಲ್ಲಿ ಮ್ಯಾನಿಫೆಸ್ಟ್ ಕನ್ಫ್ಯೂಷನ್ ಎಂಬ ಹೆಸರಿನಲ್ಲಿ ಚರ್ಚೆಯಾದದ್ದು ಇದೇ. ಆ ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಪ್ರಿಇನ್‌ಸ್ಟಾಲ್, ಇನ್‌ಸ್ಟಾಲ್, ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್ (ಇನ್‌ಸ್ಟಾಲ್ ಹೊತ್ತಿನಲ್ಲಿ ತಾನಾಗಿ ಓಡುವಂಥದ್ದು) ಇದೆಯೇ? ಇದ್ದರೆ ಅದು ಕರೆಯುವ ಫೈಲ್ ಅನ್ನು ಪೂರ್ತಿ ಓದಿ. ಇಲ್ಲದಿದ್ದರೂ ಮೇಲ್ಮಟ್ಟದಲ್ಲಿ ಬೈಂಡಿಂಗ್ ಡಾಟ್ ಜಿವೈಪಿ ಎಂಬ ಫೈಲ್ ಇದೆಯೇ ನೋಡಿ. ಅದಿದ್ದು ಇನ್‌ಸ್ಟಾಲ್ ಸ್ಕ್ರಿಪ್ಟ್ ಇಲ್ಲದಿದ್ದರೆ ಎನ್‌ಪಿಎಂ ತಾನಾಗಿಯೇ ನೋಡ್-ಜಿಪ್ ರೀಬಿಲ್ಡ್ ಓಡಿಸುತ್ತದೆ, ಆ ಫೈಲ್‌ನಿಂದ ಶೆಲ್ ಕಮಾಂಡ್ ಓಡಿಸಲು ಬರುತ್ತದೆ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಆಮೇಲೆ ರೆಪೊದಲ್ಲಿ ಅದೇ ಆವೃತ್ತಿಯ ಟ್ಯಾಗ್ ಚೆಕ್‌ಔಟ್ ಮಾಡಿ ಎರಡು ಫೋಲ್ಡರ್‌ಗಳ ಡಿಫ್ ತೆಗೆಯಿರಿ. ಟ್ಯಾಗೇ ಇಲ್ಲದಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ. ರೆಪೊದಲ್ಲಿ ಇಲ್ಲದೆ ಟಾರ್‌ಬಾಲ್‌ನಲ್ಲಿ ಮಾತ್ರ ಇರುವ ಪ್ರತಿಯೊಂದು ಫೈಲ್‌ಗೂ ಕಾರಣ ಬೇಕು. ಬಿಲ್ಡ್ ಆದ ಫೈಲ್ ಆಗಿದ್ದರೆ ನೀವೇ ಬಿಲ್ಡ್ ಮಾಡಿ ಹೋಲಿಸಿ. ಬೈಟ್‌ಗೆ ಬೈಟ್ ಹೊಂದುವುದು ಅಪರೂಪ, ಯಾಕೆಂದರೆ ಕಂಪೈಲರ್ ಆವೃತ್ತಿ ಬೇರೆಯಿದ್ದರೂ ಔಟ್‌ಪುಟ್ ಬದಲಾಗುತ್ತದೆ. ಎರಡನ್ನೂ ಪ್ರೆಟಿಯರ್‌ನಂಥ ಫಾರ್ಮ್ಯಾಟರ್ ಮೂಲಕ ಹಾಯಿಸಿ ಹೋಲಿಸಿದರೆ ಉಳಿಯುವ ವ್ಯತ್ಯಾಸ ಕಣ್ಣಿನಲ್ಲಿ ಓದುವಷ್ಟಕ್ಕೆ ಇಳಿಯುತ್ತದೆ.

ಕೊನೆಗೆ ಹುಡುಕಾಟ. ಚೈಲ್ಡ್ ಪ್ರೋಸೆಸ್, ಇವಾಲ್, ನ್ಯೂ ಫಂಕ್ಷನ್, ಬೇಸ್64 ಅಥವಾ ಹೆಕ್ಸ್ ಬಿಚ್ಚುವ ಕರೆಗಳು, ಎನ್ವಿರಾನ್ಮೆಂಟ್ ಪೂರ್ತಿಯಾಗಿ ಓದುವ ಕೋಡ್, ಡಾಟ್ ಎನ್‌ಪಿಎಂಆರ್‌ಸಿ (ಎನ್‌ಪಿಎಂ ಸೆಟ್ಟಿಂಗ್ ಫೈಲ್) ಮತ್ತು ಡಾಟ್ ಎಸ್‌ಎಸ್‌ಎಚ್ (ಕೀಲಿಗಳ ಫೋಲ್ಡರ್) ಎಂಬ ಹೆಸರುಗಳು, ಹೊರಗಿನ ಯುಆರ್‌ಎಲ್‌ಗಳು. ಸಾವಿರ ಅಕ್ಷರ ಮೀರಿದ ಸಾಲುಗಳನ್ನು ಬೇರೆಯಾಗಿ ಪಟ್ಟಿ ಮಾಡಿ. ಡಿಫ್ ನೋಡುವಾಗ ಸಾಲು ಮಡಿಸುವ ಸೆಟ್ಟಿಂಗ್ ಆನ್ ಇರಲಿ. ನೂರಾರು ಸ್ಪೇಸ್ ಕೊಟ್ಟು ಕೋಡ್ ಅನ್ನು ಪರದೆಯ ಬಲಕ್ಕೆ ಆಚೆ ತಳ್ಳುವುದು ಹಳೆಯ ತಂತ್ರ, ಈಗಲೂ ನಡೆಯುತ್ತದೆ. ಎಡಬಲ ತಿರುಗಿಸುವ ಯೂನಿಕೋಡ್ ನಿಯಂತ್ರಣ ಅಕ್ಷರಗಳನ್ನೂ ಹುಡುಕಿ: ಸಿವಿಇ-2021-42574.

"ಸ್ಯಾಂಡ್‌ಬಾಕ್ಸ್‌ನಲ್ಲಿ ಓಡಿಸಿ ನೋಡಿದರೆ ಆಗದೇ" ಎಂದು ಕೇಳುವವರಿಗೆ: ಫ್ಲಾಟ್‌ಮ್ಯಾಪ್-ಸ್ಟ್ರೀಮ್ ತನ್ನೊಳಗಿನ ಗೂಢಲಿಪಿ ಬಿಚ್ಚಲು ಬಳಸಿದ ಕೀಲಿ ಯಾವುದು ಗೊತ್ತೇ? ಅದನ್ನು ಸೇರಿಸಿಕೊಂಡ ಪ್ರಾಜೆಕ್ಟ್‌ನ ಡಿಸ್ಕ್ರಿಪ್ಷನ್ ಸಾಲು. ಕೋಪೇ ಎಂಬ ಬಿಟ್‌ಕಾಯಿನ್ ವ್ಯಾಲೆಟ್‌ನ ಸಾಲು ಸಿಕ್ಕರೆ ಮಾತ್ರ ಅದು ಬಿಚ್ಚಿಕೊಳ್ಳುತ್ತಿತ್ತು. ಬೇರೆ ಯಾವ ಪ್ರಾಜೆಕ್ಟ್‌ನಲ್ಲಿ, ಯಾವ ಸ್ಯಾಂಡ್‌ಬಾಕ್ಸ್‌ನಲ್ಲಿ ಓಡಿಸಿದರೂ ಮೌನ. ಓಡಿಸಿ ನೋಡುವುದು ಬೇಡ ಎನ್ನುತ್ತಿಲ್ಲ, ಓದುವುದಕ್ಕೆ ಅದು ಬದಲಿಯಲ್ಲ.

ಮೊರದಗಲ ಉತ್ತರ:

ಮೇಲಿನದು ಹೊಸ ಪ್ಯಾಕೇಜ್‌ಗೆ ಸರಿ. ಆದರೆ ಈಚಿನ ದೊಡ್ಡ ಘಟನೆಗಳಲ್ಲಿ ಕೆಟ್ಟ ಕೋಡ್ ಬಂದದ್ದು ಎಲ್ಲರೂ ವರ್ಷಗಟ್ಟಲೆ ಬಳಸುತ್ತಿದ್ದ ಪ್ಯಾಕೇಜ್‌ಗಳ ಹೊಸ ಆವೃತ್ತಿಯಾಗಿ. 2021ರ ಅಕ್ಟೋಬರ್‌ನಲ್ಲಿ ಯುಎ-ಪಾರ್ಸರ್-ಜೆಎಸ್, 2025ರ ಸೆಪ್ಟೆಂಬರ್‌ನಲ್ಲಿ ಚಾಕ್ ಮತ್ತು ಡಿಬಗ್. ಎರಡರಲ್ಲೂ ಮೇಂಟೇನರ್ ಖಾತೆ ಕೈತಪ್ಪಿತು, ಎರಡರಲ್ಲೂ ಕೆಲವೇ ಗಂಟೆಗಳಲ್ಲಿ ಪತ್ತೆಯಾಗಿ ಆ ಆವೃತ್ತಿಗಳು ಹೊರಬಿದ್ದವು. ಆ ಕೆಲವು ಗಂಟೆಗಳಲ್ಲಿ ಬಾಟ್ ಪುಲ್ ರಿಕ್ವೆಸ್ಟ್ ತೆರೆದು, ಟೆಸ್ಟ್ ಪಾಸಾಗಿ, ತಾನಾಗಿ ಮರ್ಜ್ ಆಗುವ ವ್ಯವಸ್ಥೆ ಇದ್ದವರಿಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹೊಸ್ತಿಲು ಅವರೇ, ನೀವು ಬರೆದದ್ದರಲ್ಲಿ ಇವತ್ತೇ ನಿಲ್ಲಿಸಬೇಕಾದದ್ದು ಆ ಆಟೋ-ಮರ್ಜ್.

ಅದರ ಜಾಗಕ್ಕೆ ಕಾಯುವ ಅವಧಿ ಇಡಿ: ಪ್ರಕಟವಾಗಿ ಏಳು ದಿನ ಆಗದ ಆವೃತ್ತಿಯನ್ನು ತೆಗೆದುಕೊಳ್ಳುವುದೇ ಇಲ್ಲ. ಇದನ್ನು ಬಾಟ್‌ನಲ್ಲಿ ಮಾತ್ರ ಇಟ್ಟರೆ ಸಾಲದು. ಬಾಟ್ ಕಾಯುವುದು ತಾನು ಆರಿಸುವ ಪ್ಯಾಕೇಜ್‌ಗೆ. ಲಾಕ್‌ಫೈಲ್ (ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಬರೆದಿಡುವ ಫೈಲ್) ಮತ್ತೆ ಬರೆಯುವಾಗ ಅದರ ಕೆಳಗಿನ ಮರಿ ಡಿಪೆಂಡೆನ್ಸಿ ಅರ್ಧ ಗಂಟೆ ಹಿಂದಿನದಾದರೂ ಒಳಗೆ ಬಂದುಬಿಡಬಹುದು. ಪ್ಯಾಕೇಜ್ ಮ್ಯಾನೇಜರ್‌ನಲ್ಲೇ ಇಡಬೇಕು. ಎನ್‌ಪಿಎಂ ಬದಲು ಬಳಸಬಹುದಾದ ಪಿಎನ್‌ಪಿಎಂನಲ್ಲಿ 10.16ರಿಂದ ಮಿನಿಮಮ್ ರಿಲೀಸ್ ಏಜ್ ಸೆಟ್ಟಿಂಗ್ ಇದೆ. ಅದರ ಲೆಕ್ಕ ನಿಮಿಷಗಳಲ್ಲಿ, ಏಳು ದಿನಕ್ಕೆ 10080. 7 ಎಂದು ಬರೆದರೆ ಏಳು ನಿಮಿಷ ಕಾಯುತ್ತದೆ, ಎಚ್ಚರಿಕೆಯೇನೂ ಕೊಡುವುದಿಲ್ಲ.

ನಿಜವಾದ ಸೆಕ್ಯುರಿಟಿ ಫಿಕ್ಸ್ ಬಂದಾಗ ಏಳು ದಿನ ಕಾಯಬೇಡಿ. ಅದಕ್ಕೆ ವಿನಾಯಿತಿ ಪಟ್ಟಿ ಇರಲಿ, ಆದರೆ ಪಟ್ಟಿಗೆ ಸೇರುವ ಪ್ರತಿ ಆವೃತ್ತಿಯ ಡಿಫ್ ಅನ್ನು ಒಬ್ಬರು ಓದಿರಬೇಕು. "ಎನ್‌ಪಿಎಂ ಡಿಫ್" ಎರಡು ಆವೃತ್ತಿಗಳ ಟಾರ್‌ಬಾಲ್‌ಗಳನ್ನೇ ಹೋಲಿಸುತ್ತದೆ, ಪ್ಯಾಚ್ ಬಿಡುಗಡೆ ಆಗಿದ್ದರೆ ಹತ್ತು ನಿಮಿಷದ ಕೆಲಸ. ಪ್ಯಾಚ್ ನಂಬರ್ ಮಾತ್ರ ಏರಿದ ಆವೃತ್ತಿಯಲ್ಲಿ ಹೊಸ ಡಿಪೆಂಡೆನ್ಸಿ ಅಥವಾ ಹೊಸ ಇನ್‌ಸ್ಟಾಲ್ ಸ್ಕ್ರಿಪ್ಟ್ ಕಂಡರೆ ಅಲ್ಲೇ ನಿಲ್ಲಿಸಿ.

ಎಕ್ಸ್‌ಝಡ್‌ನಂಥ ತಾಳ್ಮೆಯ ದಾಳಿಗೆ ಏಳು ದಿನ ಏನೂ ಅಲ್ಲ, ಅದು ನಿಜ. ಖಾತೆ ಕದ್ದು ನಡೆಸುವ ಗಡಿಬಿಡಿಯ ದಾಳಿಗೆ ಮಾತ್ರ ಇದು ಮದ್ದು. ಆದರೆ ಹೆಚ್ಚಾಗಿ ನಡೆಯುವುದು ಅಂಥವೇ.

ಲಾಕ್‌ಫೈಲ್ ಬಗ್ಗೆ ಎರಡು ಮಾತು. ಸಿಐಯಲ್ಲಿ (ತಾನಾಗಿ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆಯಲ್ಲಿ) ಓಡಬೇಕಾದದ್ದು "ಎನ್‌ಪಿಎಂ ಸಿಐ". "ಎನ್‌ಪಿಎಂ ಇನ್‌ಸ್ಟಾಲ್" ಆದರೆ ಪ್ಯಾಕೇಜ್ ಡಾಟ್ ಜೇಸನ್‌ಗೂ ಲಾಕ್‌ಫೈಲ್‌ಗೂ ತಾಳೆಯಾಗದಾಗ ಲಾಕ್‌ಫೈಲನ್ನೇ ಬದಲಿಸಿ ಮುಂದೆ ಹೋಗುತ್ತದೆ. "ಎನ್‌ಪಿಎಂ ಸಿಐ" ಆದರೆ ಎರರ್ ಕೊಟ್ಟು ನಿಲ್ಲುತ್ತದೆ. ಮತ್ತೆ, ಪುಲ್ ರಿಕ್ವೆಸ್ಟ್‌ನಲ್ಲಿ ಲಾಕ್‌ಫೈಲ್ ಬದಲಾವಣೆಯನ್ನು ಗಿಟ್‌ಹಬ್ ಮಡಿಸಿ ತೋರಿಸುವುದರಿಂದ ಯಾರೂ ಬಿಚ್ಚುವುದಿಲ್ಲ. ಒಂದು ಪ್ಯಾಕೇಜ್‌ನ ರಿಸಾಲ್ವ್ಡ್ ಯುಆರ್‌ಎಲ್ ಬೇರೆ ಸರ್ವರ್‌ಗೆ ತಿರುಗಿಸಿ, ಇಂಟೆಗ್ರಿಟಿ ಹ್ಯಾಶ್ ಅನ್ನೂ ಅದಕ್ಕೆ ತಕ್ಕಂತೆ ಬರೆದರೆ ಎಲ್ಲ ಚೆಕ್ ಪಾಸಾಗುತ್ತದೆ. ಎಲ್ಲ ಯುಆರ್‌ಎಲ್ ನಿಮ್ಮ ರಿಜಿಸ್ಟ್ರಿಯಿಂದಲೇ ಶುರುವಾಗುತ್ತವೆಯೇ ಎಂದು ನೋಡುವ ಲಾಕ್‌ಫೈಲ್-ಲಿಂಟ್ ಚೆಕ್ ಒಂದನ್ನು ಸಿಐಗೆ ಸೇರಿಸಿ.

ಸುತ್ತಿಗೆ ಉತ್ತರ:

ಪೈಥಾನ್ ಬಗ್ಗೆ ಯಾರೂ ಹೇಳಲಿಲ್ಲ, ಅಲ್ಲಿ ಬಲೆಗಳು ಬೇರೆ.

ಪೈಥಾನ್‌ನ ಪ್ಯಾಕೇಜ್ ಮ್ಯಾನೇಜರ್ ಪಿಪ್. "ಪಿಪ್ ಡೌನ್‌ಲೋಡ್" ಎಂದರೆ ಬರೀ ಡೌನ್‌ಲೋಡ್ ಅಂದುಕೊಳ್ಳಬೇಡಿ. ಸೋರ್ಸ್ ಡಿಸ್ಟ್ರಿಬ್ಯೂಷನ್ ಸಿಕ್ಕರೆ ಅದರ ಮೆಟಾಡೇಟಾ ತಿಳಿಯಲು ಪಿಪ್ ಸೆಟಪ್ ಡಾಟ್ ಪಿವೈ ಓಡಿಸಬಹುದು. ಅಂದರೆ ರಿವ್ಯೂಗೆಂದು ಇಳಿಸುವಾಗಲೇ ಕೋಡ್ ಓಡಿರುತ್ತದೆ. ಪೈಪಿಐ (ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ರಿಜಿಸ್ಟ್ರಿ) ಪುಟದಲ್ಲಿ ಫೈಲ್ಸ್ ವಿಭಾಗಕ್ಕೆ ಹೋಗಿ ಫೈಲ್ ಅನ್ನೇ ನೇರ ಇಳಿಸಿಕೊಳ್ಳಿ. ವೀಲ್ (ಮೊದಲೇ ಬಿಲ್ಡ್ ಆದ ಪ್ಯಾಕೇಜ್ ಫೈಲ್) ಎಂದರೆ ಒಂದು ಝಿಪ್, ಅನ್‌ಝಿಪ್ ಮಾಡಿದರೆ ಸಾಕು.

ಅಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಒಂದೇ ಆವೃತ್ತಿಯ ಕೆಳಗೆ ಲಿನಕ್ಸ್‌ಗೊಂದು, ಮ್ಯಾಕ್‌ಗೊಂದು, ಪೈಥಾನ್ ಆವೃತ್ತಿಗೊಂದು ಅಂತ ಹತ್ತಾರು ವೀಲ್‌ಗಳು, ಜೊತೆಗೆ ಸೋರ್ಸ್ ಟಾರ್‌ಬಾಲ್. ನೀವು ಲ್ಯಾಪ್‌ಟಾಪ್‌ನಲ್ಲಿ ಮ್ಯಾಕ್ ವೀಲ್ ಓದುತ್ತೀರಿ, ಸರ್ವರ್‌ನಲ್ಲಿ ಇಳಿಯುವುದು ಲಿನಕ್ಸ್ ವೀಲ್. ಅವೆರಡರಲ್ಲಿ ಒಂದೇ ಕೋಡ್ ಇರಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಪ್ರೊಡಕ್ಷನ್‌ಗೆ ಹೋಗುವ ಫೈಲ್‌ನ ಹ್ಯಾಶ್ ಬರೆದಿಟ್ಟು ಅದನ್ನೇ ರಿವ್ಯೂ ಮಾಡಿ. ವೀಲ್ ಒಳಗೆ ಡಾಟ್ ಪಿಟಿಎಚ್ ಕೊನೆಯ ಫೈಲ್ ಇದ್ದರೆ ಮೊದಲು ಅದನ್ನು ತೆರೆಯಿರಿ: ಅದರಲ್ಲಿ ಇಂಪೋರ್ಟ್‌ನಿಂದ ಶುರುವಾಗುವ ಸಾಲು ಪೈಥಾನ್ ಪ್ರತಿ ಸಲ ಏಳುವಾಗಲೂ ಓಡುತ್ತದೆ, ನೀವು ಆ ಪ್ಯಾಕೇಜ್ ಅನ್ನು ಇಂಪೋರ್ಟ್ ಮಾಡದಿದ್ದರೂ.

ಇನ್‌ಸ್ಟಾಲ್ ಮಾಡುವಾಗ ರಿಕ್ವೈರ್-ಹ್ಯಾಶಸ್ ಮತ್ತು ಓನ್ಲಿ-ಬೈನರಿ ಎರಡನ್ನೂ ಒಟ್ಟಿಗೆ ಕೊಡಿ. ಮೊದಲನೆಯದು ಮಾತ್ರ ಇದ್ದರೆ ಒಂದು ತೂತು ಉಳಿಯುತ್ತದೆ. ಸೋರ್ಸ್‌ನಿಂದ ಬಿಲ್ಡ್ ಆಗುವ ಪ್ಯಾಕೇಜ್ ತನ್ನ ಬಿಲ್ಡ್‌ಗೆ ಬೇಕಾದ ಸೆಟಪ್‌ಟೂಲ್ಸ್ ಮುಂತಾದವನ್ನು ಪ್ರತ್ಯೇಕ ಪರಿಸರದಲ್ಲಿ ಇಳಿಸಿಕೊಳ್ಳುತ್ತದೆ, ಅವುಗಳ ಮೇಲೆ ನಿಮ್ಮ ಹ್ಯಾಶ್ ಪಟ್ಟಿಯ ಅಧಿಕಾರ ನಡೆಯುವುದಿಲ್ಲ.

ಒಳಗಿನ ಇಂಡೆಕ್ಸ್ (ನಿಮ್ಮ ಸಂಸ್ಥೆಯದೇ ಪ್ಯಾಕೇಜ್ ಸರ್ವರ್) ಇದ್ದರೆ ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್ ಬಳಸಲೇಬೇಡಿ. ಪಿಪ್‌ಗೆ ಎಲ್ಲ ಇಂಡೆಕ್ಸ್‌ಗಳೂ ಸಮಾನ, ಯಾವುದರಲ್ಲಿ ದೊಡ್ಡ ಆವೃತ್ತಿ ಇದೆಯೋ ಅದನ್ನು ಎತ್ತಿಕೊಳ್ಳುತ್ತದೆ. ನಿಮ್ಮೊಳಗಿನ ಪ್ಯಾಕೇಜ್‌ನ ಹೆಸರನ್ನು ಹೊರಗಿನವರು ಪೈಪಿಐನಲ್ಲಿ ದೊಡ್ಡ ನಂಬರ್ ಕೊಟ್ಟು ಏರಿಸಿದರೆ ಅವರದ್ದೇ ಬರುತ್ತದೆ. ಭದ್ರತಾ ಸಂಶೋಧಕ ಅಲೆಕ್ಸ್ ಬಿರ್ಸನ್ 2021ರಲ್ಲಿ ದೊಡ್ಡ ದೊಡ್ಡ ಕಂಪನಿಗಳ ಒಳಕ್ಕೆ ಹೀಗೆ ಹೋಗಬಹುದೆಂದು ತೋರಿಸಿದರು. 2022ರ ಡಿಸೆಂಬರ್ 25ರಿಂದ 30ರವರೆಗೆ ಪೈಟಾರ್ಚ್ ನೈಟ್ಲಿ ಇನ್‌ಸ್ಟಾಲ್ ಮಾಡಿದ ಲಿನಕ್ಸ್ ಬಳಕೆದಾರರಿಗೆ ಟಾರ್ಚ್‌ಟ್ರೈಟನ್ ಎಂಬ ಹೆಸರಿನಲ್ಲಿ ಬಂದದ್ದು ಇದೇ ದಾರಿಯಿಂದ. ಅದು ಎಸ್‌ಎಸ್‌ಎಚ್ ಫೋಲ್ಡರ್ ಓದಿ ಡಿಎನ್‌ಎಸ್ ಕ್ವೆರಿಗಳ ಮೂಲಕ ಹೊರಗೆ ಕಳಿಸಿತು, ಎಚ್‌ಟಿಟಿಪಿ ಮಾತ್ರ ತಡೆದಿದ್ದರೆ ಪ್ರಯೋಜನವಿರಲಿಲ್ಲ. ಒಂದೇ ಇಂಡೆಕ್ಸ್-ಯುಆರ್‌ಎಲ್ ಇರಲಿ, ಅದು ನಿಮ್ಮ ಪ್ರಾಕ್ಸಿಯಾಗಿರಲಿ, ಯಾವ ಹೆಸರು ಎಲ್ಲಿಂದ ಬರಬೇಕು ಅನ್ನುವುದನ್ನು ಆ ಪ್ರಾಕ್ಸಿ ತೀರ್ಮಾನಿಸಲಿ.

ಹೊಸ್ತಿಲು:

ಎಲ್ಲರಿಗೂ ಧನ್ಯವಾದ. ಆಟೋ-ಮರ್ಜ್ ನಿಲ್ಲಿಸುತ್ತೇವೆ. ಎರಡು ಅನುಮಾನ ಉಳಿದಿವೆ. ಸಾವಿರ ಪ್ಯಾಕೇಜ್‌ಗಳನ್ನು ಹೀಗೆ ಓದುವುದು ಆಗದ ಮಾತು, ಎಲ್ಲಿಂದ ಶುರು ಮಾಡುವುದು? ಇನ್ನೊಂದು, ಪ್ರೊವೆನೆನ್ಸ್ ಇರುವ ಪ್ಯಾಕೇಜ್‌ಗಳಿಗೆ, ಸ್ಕೋರ್‌ಕಾರ್ಡ್‌ನಲ್ಲಿ (ರೆಪೊದ ಭದ್ರತಾ ಅಭ್ಯಾಸಗಳಿಗೆ ಅಂಕ ಕೊಡುವ ಸಾಧನ) ಒಳ್ಳೆಯ ಅಂಕ ಇರುವವಕ್ಕೆ ರಿವ್ಯೂ ಸಡಿಲ ಮಾಡಬಹುದೇ?

ಕದತಟ್ಟು:

ಶುರು ಮಾಡಲು: ನಿಮ್ಮ ಪ್ಯಾಕೇಜ್-ಲಾಕ್ ಫೈಲ್‌ನಲ್ಲಿ "ಹ್ಯಾಸ್‌ಇನ್‌ಸ್ಟಾಲ್‌ಸ್ಕ್ರಿಪ್ಟ್" ಎಂಬ ಫೀಲ್ಡ್ ಹುಡುಕಿ. ಸಾವಿರದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಸಿಗುತ್ತವೆ. ಮೊದಲ ವಾರದ ರಿವ್ಯೂ ಅವಕ್ಕೆ. ಆಮೇಲೆ ಎನ್‌ಪಿಎಂಆರ್‌ಸಿಯಲ್ಲಿ ಇಗ್ನೋರ್-ಸ್ಕ್ರಿಪ್ಟ್ಸ್ ಅನ್ನು ಟ್ರೂ ಮಾಡಿ, ನಿಜವಾಗಿ ಬೇಕಾದ ಪ್ಯಾಕೇಜ್‌ಗೆ ಮಾತ್ರ ಹೆಸರು ಹಿಡಿದು ರೀಬಿಲ್ಡ್ ಓಡಿಸಿ. ಆ ಕಮಾಂಡ್‌ಗೆ ಇಗ್ನೋರ್-ಸ್ಕ್ರಿಪ್ಟ್ಸ್ ಫಾಲ್ಸ್ ಎಂದು ಸೇರಿಸಬೇಕು, ಇಲ್ಲದಿದ್ದರೆ ರೀಬಿಲ್ಡ್ ಕೂಡ ಸದ್ದಿಲ್ಲದೆ ಏನೂ ಮಾಡದೆ ಮುಗಿಯುತ್ತದೆ. ಇನ್ನೊಂದು ಪರಿಣಾಮವೂ ಗೊತ್ತಿರಲಿ: ನಿಮ್ಮದೇ ಪ್ರಾಜೆಕ್ಟ್‌ನ ಪ್ರಿಟೆಸ್ಟ್, ಪೋಸ್ಟ್‌ಬಿಲ್ಡ್ ಥರದ ಸ್ಕ್ರಿಪ್ಟ್‌ಗಳೂ ಓಡುವುದು ನಿಲ್ಲುತ್ತದೆ. ಅವನ್ನು ಮುಖ್ಯ ಸ್ಕ್ರಿಪ್ಟ್‌ನೊಳಗೆ ಬರೆದುಬಿಡಿ. ಪಿಎನ್‌ಪಿಎಂ 10ರಲ್ಲಿ ಡಿಪೆಂಡೆನ್ಸಿಗಳ ಇನ್‌ಸ್ಟಾಲ್ ಸ್ಕ್ರಿಪ್ಟ್ ಮೊದಲಿನಿಂದಲೇ ಬಂದ್, ಅನುಮತಿ ಪಟ್ಟಿ ಕೊಟ್ಟವಕ್ಕೆ ಮಾತ್ರ ಓಡುತ್ತವೆ. ಇದೆಲ್ಲ ಇನ್‌ಸ್ಟಾಲ್ ಹೊತ್ತಿನ ದಾಳಿಗೆ ಮಾತ್ರ. ಚಾಕ್ ಪ್ರಕರಣದ ಕೋಡ್ ಇದ್ದದ್ದು ಲೈಬ್ರರಿಯ ಫೈಲ್‌ನಲ್ಲೇ, ಸ್ಕ್ರಿಪ್ಟ್ ತಡೆದಿದ್ದರೂ ಅದು ಬ್ರೌಸರ್‌ಗೆ ತಲುಪುತ್ತಿತ್ತು.

ಎರಡನೆಯ ಸುತ್ತಿನಲ್ಲಿ ಟೋಕನ್, ಪಾಸ್‌ವರ್ಡ್, ಪೇಮೆಂಟ್ ಡೇಟಾ ಮುಟ್ಟುವವು ಮತ್ತು ಬಿಲ್ಡ್ ಟೂಲ್‌ಗಳು. "ಡೆವ್ ಡಿಪೆಂಡೆನ್ಸಿ ತಾನೇ" ಎಂದು ಬಿಡುವವರು ಬಹಳ. ಪಬ್ಲಿಷ್ ಟೋಕನ್ ಇರುವ ಯಂತ್ರದಲ್ಲಿ ಓಡುವುದು ಅವೇ.

ಮೂರನೆಯದು ಓದುವುದಲ್ಲ, ಕಿತ್ತುಹಾಕುವುದು. ಇಪ್ಪತ್ತು ಸಾಲಿನ ಕೆಲಸಕ್ಕೆ ಮೂವತ್ತು ಮರಿ ಪ್ಯಾಕೇಜ್ ತರುವಂಥದ್ದು ಪ್ರತಿ ಪ್ರಾಜೆಕ್ಟ್‌ನಲ್ಲೂ ನಾಲ್ಕೈದು ಇರುತ್ತವೆ. ಆ ಇಪ್ಪತ್ತು ಸಾಲನ್ನು ಲೈಸೆನ್ಸ್ ಸಮೇತ ನಿಮ್ಮ ರೆಪೊಗೆ ತಂದುಕೊಂಡರೆ ಓದಬೇಕಾದ ಪಟ್ಟಿಯೇ ಕುಗ್ಗುತ್ತದೆ.

ಮೊರದಗಲ:

ಪ್ರೊವೆನೆನ್ಸ್ ಬಗ್ಗೆ: ಈ ಫೈಲ್ ಇಂಥ ರೆಪೊದ ಇಂಥ ಕಮಿಟ್‌ನಿಂದ, ಇಂಥ ವರ್ಕ್‌ಫ್ಲೋದಲ್ಲಿ ಹುಟ್ಟಿತು ಎಂದು ಅದು ಸಾಕ್ಷಿ ಹೇಳುತ್ತದೆ. ಆ ವರ್ಕ್‌ಫ್ಲೋ ಶುದ್ಧವಾಗಿತ್ತೇ ಎಂದು ಹೇಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಅಲ್ಟ್ರಾಲಿಟಿಕ್ಸ್ ಎಂಬ ಪೈಥಾನ್ ಪ್ಯಾಕೇಜ್‌ನ ಕೆಟ್ಟ 8.3.41 ಮತ್ತು 8.3.42 ಆವೃತ್ತಿಗಳು ಪ್ರಾಜೆಕ್ಟ್‌ನ ಸ್ವಂತ ವರ್ಕ್‌ಫ್ಲೋದಿಂದಲೇ ಹೊರಬಂದವು. ಪುಲ್ ರಿಕ್ವೆಸ್ಟ್‌ನ ಬ್ರಾಂಚ್ ಹೆಸರಿನಲ್ಲೇ ಶೆಲ್ ಕಮಾಂಡ್ ಅಡಗಿಸಿ, ಬಿಲ್ಡ್ ಕ್ಯಾಶ್‌ಗೆ ವಿಷ ಹಾಕಲಾಗಿತ್ತು. ಆದ್ದರಿಂದ ಪ್ರೊವೆನೆನ್ಸ್ ಇದ್ದರೆ "ಟಾರ್‌ಬಾಲ್ ರೆಪೊದಿಂದಲೇ ಬಂತೇ" ಎಂಬ ಒಂದು ಹೆಜ್ಜೆಯ ಶ್ರಮ ಕಡಿಮೆಯಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಮೊದಲು ಪ್ರೊವೆನೆನ್ಸ್ ಇದ್ದ ಪ್ಯಾಕೇಜ್‌ನ ಹೊಸ ಆವೃತ್ತಿಯಲ್ಲಿ ಅದು ಇದ್ದಕ್ಕಿದ್ದಂತೆ ಮಾಯವಾದರೆ ಮಾತ್ರ ದೊಡ್ಡ ಸುಳಿವು, ಯಾರೋ ಕದ್ದ ಟೋಕನ್‌ನಿಂದ ಕೈಯಾರೆ ಏರಿಸಿರಬಹುದು. ಇದನ್ನು ತಪ್ಪದೆ ಚೆಕ್ ಮಾಡಿ.

ಸ್ಕೋರ್‌ಕಾರ್ಡ್‌ನ ಒಟ್ಟು ಅಂಕದಿಂದ ತೀರ್ಮಾನ ಮಾಡಬೇಡಿ. ಮುಗಿದ, ಚೊಕ್ಕವಾದ ಸಣ್ಣ ಲೈಬ್ರರಿಗೆ 90 ದಿನಗಳಲ್ಲಿ ಕಮಿಟ್ ಇಲ್ಲ ಎಂಬ ಕಾರಣಕ್ಕೇ ಮೇಂಟೇನ್ಡ್ ಅಂಕ ಬೀಳುತ್ತದೆ, ಅದು ದೋಷವಲ್ಲ. ಡೇಂಜರಸ್ ವರ್ಕ್‌ಫ್ಲೋ ಮತ್ತು ಟೋಕನ್ ಪರ್ಮಿಷನ್ಸ್ ಎಂಬ ಎರಡು ಸಾಲು ನೋಡಿ. ಅಲ್ಟ್ರಾಲಿಟಿಕ್ಸ್ ಥರದ ದಾರಿ ತೆರೆದಿದೆಯೇ ಎಂದು ಹೇಳುವುದು ಅವು.

ನಿಮ್ಮ ಸಿಐ ಕೂಡ ಡಿಪೆಂಡೆನ್ಸಿಯೇ. 2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಎಂಬ ಗಿಟ್‌ಹಬ್ ಆಕ್ಷನ್‌ನ (ವರ್ಕ್‌ಫ್ಲೋದಲ್ಲಿ ಕರೆಯುವ ಸಿದ್ಧ ಹೆಜ್ಜೆ) ಟ್ಯಾಗ್‌ಗಳನ್ನು ಕೆಟ್ಟ ಕಮಿಟ್ ಒಂದಕ್ಕೆ ತಿರುಗಿಸಿದಾಗ ಬಿಲ್ಡ್ ಲಾಗ್‌ಗಳಲ್ಲಿ ಸೀಕ್ರೆಟ್‌ಗಳು ಅಚ್ಚಾದವು. ಟ್ಯಾಗ್ ಬದಲು 40 ಅಕ್ಷರದ ಕಮಿಟ್ ಹ್ಯಾಶ್ ಬರೆದಿದ್ದವರಿಗೆ ಹಳೆಯ ಕೋಡೇ ಓಡಿತು. ಎಲ್ಲ ಆಕ್ಷನ್‌ಗಳಿಗೂ ಹಾಗೇ ಬರೆಯಿರಿ. ಒಂದು ಆಕ್ಷನ್ ತನ್ನೊಳಗೆ ಇನ್ನೊಂದನ್ನು ಟ್ಯಾಗ್‌ನಿಂದ ಕರೆಯುತ್ತಿದ್ದರೆ ನಿಮ್ಮ ಹ್ಯಾಶ್ ಅಲ್ಲಿಯವರೆಗೆ ಮುಟ್ಟುವುದಿಲ್ಲ, ಅದನ್ನೂ ತೆರೆದು ನೋಡಿ. ಇನ್‌ಸ್ಟಾಲ್, ಬಿಲ್ಡ್, ಟೆಸ್ಟ್ ನಡೆಯುವ ಜಾಬ್‌ಗೆ ಯಾವ ಸೀಕ್ರೆಟ್ಟೂ ಬೇಡ, ಟೋಕನ್ ಓದುವುದಕ್ಕಷ್ಟೇ ಇರಲಿ. ಡಿಪ್ಲಾಯ್ ಮಾಡುವ ಜಾಬ್ ಬೇರೆ ಇರಲಿ, ಅದು ಮೊದಲನೆಯದರ ಔಟ್‌ಪುಟ್ ತೆಗೆದುಕೊಳ್ಳಲಿ, ತಾನು ಏನನ್ನೂ ಇನ್‌ಸ್ಟಾಲ್ ಮಾಡದಿರಲಿ.

ಸುತ್ತಿಗೆ:

ಒಂದು ಸೇರಿಸುತ್ತೇನೆ, ಕೆಟ್ಟ ಆವೃತ್ತಿ ಒಳಗೆ ಬಂದೇಬಿಟ್ಟರೆ ಏನು ಮಾಡಬೇಕು ಅನ್ನುವುದನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಹಳೆಯ ಆವೃತ್ತಿಗೆ ಮರಳಿದರೆ ಮುಗಿಯುವುದಿಲ್ಲ. ಆ ಯಂತ್ರದಿಂದ ಕೈಗೆ ಎಟಕುತ್ತಿದ್ದ ಪ್ರತಿ ಟೋಕನ್ ಹೋಗಿದೆ ಎಂದೇ ತಿಳಿಯಿರಿ: ಎನ್‌ಪಿಎಂ, ಗಿಟ್‌ಹಬ್, ಕ್ಲೌಡ್, ಎಸ್‌ಎಸ್‌ಎಚ್ ಕೀಲಿ. ಹೊಸ ಟೋಕನ್‌ಗಳನ್ನು ಅದೇ ಯಂತ್ರದಲ್ಲಿ ಮಾಡಬೇಡಿ, ಶುದ್ಧವಾದ ಬೇರೆ ಯಂತ್ರದಲ್ಲಿ ಮಾಡಿ. 2025ರ ಸೆಪ್ಟೆಂಬರ್‌ನ ಶಾಯ್-ಹುಲುದ್ ಹುಳು ಸಿಕ್ಕ ಎನ್‌ಪಿಎಂ ಟೋಕನ್‌ನಿಂದ ಅದೇ ಮೇಂಟೇನರ್‌ನ ಬೇರೆ ಪ್ಯಾಕೇಜ್‌ಗಳಿಗೂ ತನ್ನನ್ನು ಸೇರಿಸಿ ಪಬ್ಲಿಷ್ ಮಾಡುತ್ತಿತ್ತು, ಕದ್ದದ್ದನ್ನು ಆ ಖಾತೆಯಲ್ಲೇ ಪಬ್ಲಿಕ್ ರೆಪೊ ತೆರೆದು ಸುರಿಯುತ್ತಿತ್ತು. ಆದ್ದರಿಂದ ನಿಮ್ಮ ಸಂಸ್ಥೆಯ ಗಿಟ್‌ಹಬ್‌ನಲ್ಲಿ ಯಾರೂ ಮಾಡದ ರೆಪೊ, ಯಾರೂ ಬರೆಯದ ವರ್ಕ್‌ಫ್ಲೋ ಫೈಲ್, ನಿಮ್ಮ ಪ್ಯಾಕೇಜ್‌ಗಳ ಯಾರೂ ಬಿಡದ ಆವೃತ್ತಿ ಇವೆಯೇ ಹುಡುಕಿ. ಸಿಐ ಕ್ಯಾಶ್, ಡಾಕರ್ ಲೇಯರ್, ಒಳಗಿನ ಪ್ರಾಕ್ಸಿ ಮೂರನ್ನೂ ಖಾಲಿ ಮಾಡಿ. ರಿಜಿಸ್ಟ್ರಿಯಿಂದ ತೆಗೆದ ಆವೃತ್ತಿ ನಿಮ್ಮ ಪ್ರಾಕ್ಸಿಯಲ್ಲಿ ಹಾಗೇ ಕೂತಿರುತ್ತದೆ, ಮುಂದಿನ ಬಿಲ್ಡ್‌ಗೆ ಅಲ್ಲಿಂದಲೇ ಮತ್ತೆ ಬರುತ್ತದೆ.

ಯಾವ ಯಂತ್ರದಲ್ಲಿ ಯಾವ ಆವೃತ್ತಿ ಯಾವಾಗ ಇತ್ತು ಎಂದು ಹುಡುಕಲು ಪ್ರತಿ ಬಿಲ್ಡ್‌ನಲ್ಲೂ ಸೈಕ್ಲೋನ್‌ಡಿಎಕ್ಸ್ ಅಥವಾ ಎಸ್‌ಪಿಡಿಎಕ್ಸ್ ರೂಪದ ಎಸ್‌ಬಾಮ್ (ಬಿಲ್ಡ್‌ನಲ್ಲಿರುವ ಎಲ್ಲ ಪ್ಯಾಕೇಜ್, ಆವೃತ್ತಿಗಳ ಪಟ್ಟಿ) ತೆಗೆದು, ತಾರೀಖಿನ ಜೊತೆ ಬಿಲ್ಡ್ ಯಂತ್ರದಿಂದ ಹೊರಗೆ ಇಡಿ. ಈಗಿನ ಲಾಕ್‌ಫೈಲ್ ಹೇಳುವುದು ಇವತ್ತಿನ ಸ್ಥಿತಿ. ನಿಮಗೆ ಬೇಕಾಗುವುದು ಕಳೆದ ಮಂಗಳವಾರ ಮಧ್ಯಾಹ್ನ ಓಡಿದ ಆ ಒಂದು ಬಿಲ್ಡ್‌ನ ಪಟ್ಟಿ.